ಜ್ವಾಲಾಮುಖಿ ಮಣ್ಣಿನಲ್ಲಿ ಕೈತೋಟ: ನೆಲವೋ, ಏರುಮಡಿಯೋ, ಕುಂಡವೋ?

ಟೊಮೆಟೊ ಸಸಿಯ ಎಲೆಯನ್ನು ಮಗುಚಿ ನೋಡಿದರೆ ಕೆಳಗೆಲ್ಲ ನೇರಳೆ ಛಾಯೆ. ನೀರಿಗೆ ಕೊರತೆಯಿಲ್ಲ, ಬಿಸಿಲು ಬೇಕಾದಷ್ಟಿದೆ, ಮಣ್ಣು ಕಾಡಿಗೆಯಂತೆ ಕಪ್ಪಗಿದೆ, ಕೈಯಲ್ಲಿ ಹಿಡಿದರೆ ಹಗುರವಾಗಿ ಪುಡಿಯಾಗುತ್ತದೆ. ಆದರೂ ಗಿಡ ಒಂದು ತಿಂಗಳಿಂದ ಗೇಣುದ್ದವೇ ಇದೆ. ಜ್ವಾಲಾಮುಖಿಯ ಮಣ್ಣೆಂದರೆ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂಬ ಮಾತನ್ನು ನಂಬಿ ತೋಟಕ್ಕಿಳಿದವರು ಮೊದಲು ಎದುರಿಸುವ ನೋಟ ಇದು. ಆ ನೇರಳೆ ಬಣ್ಣ ಸಾಮಾನ್ಯವಾಗಿ ರಂಜಕದ (ಫಾಸ್ಫರಸ್) ಹಸಿವಿನ ಗುರುತು. ವಿಚಿತ್ರವೆಂದರೆ, ಮಣ್ಣಿನಲ್ಲಿ ರಂಜಕ ಇಲ್ಲವೆಂದೇನಲ್ಲ. ಕಣಜ ತುಂಬಿದೆ, ಬೀಗದ ಕೈ ಮಾತ್ರ ಗಿಡದ ಬಳಿ ಇಲ್ಲ.

ಇಂಥ ನೆಲ ಸಿಕ್ಕವರ ಮುಂದೆ ನಾಲ್ಕೈದು ದಾರಿಗಳಿವೆ. ನೆಲ ಹೇಗಿದೆಯೋ ಹಾಗೆಯೇ ಬಿಟ್ಟು ಅದಕ್ಕೆ ಒಗ್ಗುವ ಗಿಡಗಳನ್ನು ಹಾಕಬಹುದು. ಸುಣ್ಣ, ಗೊಬ್ಬರ ಹಾಕಿ ನೆಲವನ್ನೇ ತಿದ್ದಬಹುದು. ಬೇರೆ ಮಣ್ಣು ತಂದು ಏರುಮಡಿ ಕಟ್ಟಬಹುದು. ಕುಂಡ, ಚೀಲಗಳಲ್ಲಿ ಬೆಳೆಯಬಹುದು. ಬರೀ ಬಂಡೆಯಾದರೆ ಗುಂಡಿ ತೋಡಿ ಒಂದೊಂದೇ ಗಿಡ ಕೂರಿಸಬಹುದು. ಯಾವುದು ಒಳ್ಳೆಯದು ಎಂದು ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕಲ್ಲಿಗೆ ಎಷ್ಟು ವಯಸ್ಸು? ಹೆಚ್ಚಿನವರು ಮೊದಲು ಕೈಚೀಲ ನೋಡಿಕೊಳ್ಳುತ್ತಾರೆ, ಆಮೇಲೆ ನೆಲ ನೋಡುತ್ತಾರೆ. ಆ ಕ್ರಮವನ್ನು ತಿರುಗಿಸಿದರೆ ಅರ್ಧ ಖರ್ಚು ತಾನಾಗಿ ಇಳಿಯುತ್ತದೆ.

ಮೊದಲು ವಯಸ್ಸು

‘ಜ್ವಾಲಾಮುಖಿ ಮಣ್ಣು’ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನೆಲಗಳು ಸೇರಿಕೊಂಡಿವೆ.

ಮೊದಲನೆಯದು ಎಳೆಯ ಲಾವಾ. ಹವಾಯಿಯ ಕಿಲಾವೆಯಾ ಜ್ವಾಲಾಮುಖಿ 2018ರಲ್ಲಿ ಸುಮಾರು 35 ಚದರ ಕಿಲೋಮೀಟರ್ ನೆಲವನ್ನು ಹೊಸ ಕಲ್ಲಿನಡಿ ಹೂತುಹಾಕಿತು. ಅಂಥ ಕಡೆ ಮಣ್ಣೆಂಬುದೇ ಇಲ್ಲ. ಇದ್ದರೆ ಬಿರುಕುಗಳಲ್ಲಿ ಕೊಳೆತ ಎಲೆಯ ಒಂದು ಹಿಡಿ. ಹವಾಯಿಯ ಜನ ಲಾವಾವನ್ನು ಎರಡು ಹೆಸರಿನಿಂದ ಕರೆಯುತ್ತಾರೆ, ಭೂವಿಜ್ಞಾನಿಗಳೂ ಅವನ್ನೇ ತೆಗೆದುಕೊಂಡಿದ್ದಾರೆ: ಹಗ್ಗ ಸುತ್ತಿಟ್ಟಂತೆ ನುಣ್ಣಗೆ ಹರಡಿದ್ದು ‘ಪಾಹೊಯ್ಹೊಯ್’, ಚೂಪು ಗಡ್ಡೆಗಳ ರಾಶಿಯಂತಿರುವುದು ‘ಆಆ’. ತೋಟಗಾರನಿಗೆ ಈ ವ್ಯತ್ಯಾಸ ಬರೀ ಹೆಸರಿನದಲ್ಲ. ಆಆದ ಸಂದುಗಳಲ್ಲಿ ಬೇರು ಇಳಿಯುತ್ತದೆ, ನೀರೂ ಇಳಿಯುತ್ತದೆ. ಪಾಹೊಯ್ಹೊಯ್ ಮೇಲೆ ಹಾರೆ ಬಿದ್ದರೆ ಕಿಡಿ ಹಾರುತ್ತದೆ, ಅಷ್ಟೇ.

ಎರಡನೆಯದು ಬೂದಿಮಣ್ಣು. ಜಾವಾದ ಬೆಟ್ಟಗಳ ಇಳಿಜಾರುಗಳಲ್ಲಿ, ಮಧ್ಯ ಅಮೆರಿಕದ ಕಾಫಿ ಸೀಮೆಗಳಲ್ಲಿ ಕಾಣುವ ಕಪ್ಪು, ಹಗುರ, ಮೆತ್ತನೆಯ ಮಣ್ಣು. ವಿಜ್ಞಾನಿಗಳು ಇದಕ್ಕಿಟ್ಟ ‘ಆಂಡೊಸಾಲ್’ ಎಂಬ ಹೆಸರು ಬಂದದ್ದು ಜಪಾನಿ ಭಾಷೆಯಿಂದ. ‘ಆನ್’ ಎಂದರೆ ಕಪ್ಪು, ‘ದೊ’ ಎಂದರೆ ಮಣ್ಣು. ಸಾಮಾನ್ಯ ಹೊಲದ ಮಣ್ಣು ಒಣಗಿದಾಗ ಲೀಟರಿಗೆ ಒಂದೂಕಾಲು ಕಿಲೋದ ಆಸುಪಾಸು ತೂಗಿದರೆ ಇದು 900 ಗ್ರಾಂ ದಾಟುವುದಿಲ್ಲ. ನೋಡಲು ಇದಕ್ಕಿಂತ ಚೆಂದದ ಮಣ್ಣಿಲ್ಲ. ಇದರ ಗುಣವೂ ದೋಷವೂ ಅಲೊಫೇನ್ ಎಂಬ ಅತಿಸಣ್ಣ ಖನಿಜದಲ್ಲಿದೆ. ಅದು ನೀರನ್ನು ಹೀರಿ ಹಿಡಿದಿಡುತ್ತದೆ, ಎಲೆಗೊಬ್ಬರವನ್ನೂ ಹಿಡಿದಿಡುತ್ತದೆ, ರಂಜಕವನ್ನಂತೂ ಕಚ್ಚಿ ಹಿಡಿಯುತ್ತದೆ. ಒಂದು ಮಣ್ಣನ್ನು ಈ ಗುಂಪಿಗೆ ಸೇರಿಸಲು ಮಣ್ಣುವಿಜ್ಞಾನಿಗಳು ಬಳಸುವ ಒಂದು ಅಳತೆಯೇ ಹೀಗಿದೆ: ಪ್ರಯೋಗಾಲಯದಲ್ಲಿ ಸುರಿದ ಫಾಸ್ಫೇಟಿನಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಅದು ನುಂಗಿ ಕೂರಬೇಕು.

ಮೂರನೆಯದು ಮುದಿ ಮಣ್ಣು. ಲಕ್ಷಗಟ್ಟಲೆ, ಕೋಟಿಗಟ್ಟಲೆ ವರ್ಷ ಮಳೆ ಬಿಸಿಲುಗಳಲ್ಲಿ ಕರಗಿದ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು. ಹೆಚ್ಚು ಮಳೆ ಬೀಳುವ ಕಡೆ ಅದು ಕೆಂಪು ಮಣ್ಣಾಗುತ್ತದೆ. ಸುಣ್ಣ, ಪೊಟ್ಯಾಷ್ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಿರುತ್ತವೆ, ಹುಳಿ ಹೆಚ್ಚು. ಮಳೆ ಕಡಿಮೆ ಇರುವ ಕಡೆ ಅದೇ ಬಸಾಲ್ಟ್ ಕಪ್ಪು ಎರೆಮಣ್ಣಾಗುತ್ತದೆ. ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ದಕ್ಖನ್ ಲಾವಾದ ಮೇಲಿರುವ ಎರೆ ಹೊಲಗಳು ಇದಕ್ಕೆ ಸಾಕ್ಷಿ. ಎರೆಗೆ ಜ್ವಾಲಾಮುಖಿಯ ಮೂಲವಿದೆ ಎಂಬುದೇ ಅನೇಕರಿಗೆ ಹೊಳೆಯುವುದಿಲ್ಲ.

ವಯಸ್ಸಿಗೆ ತಕ್ಕಂತೆ ನೆಲದ ಹಸಿವೂ ಬದಲಾಗುತ್ತದೆ. ಹವಾಯಿ ದ್ವೀಪಸಾಲಿನ ಕಾಡುಗಳಲ್ಲಿ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಸುಮಾರು 300 ವರ್ಷದ ನೆಲದಲ್ಲಿ ಮರಗಳ ಬೆಳವಣಿಗೆಯನ್ನು ತಡೆದದ್ದು ಸಾರಜನಕದ ಕೊರತೆ. ಕವಾಯಿ ದ್ವೀಪದ ಸುಮಾರು 41 ಲಕ್ಷ ವರ್ಷದ ನೆಲದಲ್ಲಿ ತಡೆದದ್ದು ರಂಜಕದ ಕೊರತೆ. ಇದಕ್ಕೆ ಕಾರಣ ಸರಳ. ಕಲ್ಲಿನಲ್ಲಿ ರಂಜಕ ಇರುತ್ತದೆ, ಸಾರಜನಕ ಇರುವುದಿಲ್ಲ. ಸಾರಜನಕ ಗಾಳಿಯಿಂದ, ಗಿಡಗಳಿಂದ ನಿಧಾನಕ್ಕೆ ಕೂಡಿಕೊಳ್ಳಬೇಕು. ಅಷ್ಟು ಹೊತ್ತಿಗೆ ರಂಜಕ ಕಬ್ಬಿಣ, ಅಲ್ಯೂಮಿನಿಯಂಗಳ ಸೆರೆಯಲ್ಲಿ ಬಿದ್ದಿರುತ್ತದೆ. ಎಳೆಯ ಲಾವಾ ಇರುವವರು ರಂಜಕದ ಮೂಟೆ ಹೊತ್ತು ತರುವುದೂ ಮುದಿ ಕೆಂಪು ನೆಲದವರು ಬರೀ ಯೂರಿಯಾ ಸುರಿಯುವುದೂ ಒಂದೇ ಬಗೆಯ ತಪ್ಪು.

ನಿಮ್ಮದು ಯಾವುದೆಂದು ತಿಳಿಯುವುದು

ಬೂದಿಮಣ್ಣನ್ನು ಕೈಯೇ ಹೇಳುತ್ತದೆ. ಅಡಿಯಾಳದಿಂದ ಒದ್ದೆ ಮಣ್ಣಿನ ಗೋಲಿಯಷ್ಟು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ಮೊದಲಿಗೆ ಗಟ್ಟಿಯಾಗಿಯೇ ಇರುತ್ತದೆ, ನೀರು ಕಾಣುವುದಿಲ್ಲ. ಇನ್ನಷ್ಟು ಒತ್ತಿ ಉಜ್ಜಿದರೆ ತಟಕ್ಕನೆ ಸಡಿಲಾಗಿ ಬೆಣ್ಣೆಯಂತೆ ಜಾರುತ್ತದೆ, ಬೆರಳು ತೇವವಾಗುತ್ತದೆ. ಉಜ್ಜುವುದನ್ನು ನಿಲ್ಲಿಸಿದರೆ ಮತ್ತೆ ಬಿಗಿಯುತ್ತದೆ. ಈ ಆಟ ಆಡಿದರೆ ಅಲೊಫೇನ್ ಇದೆಯೆಂದು ಬಹುಮಟ್ಟಿಗೆ ನಂಬಬಹುದು. ಎರೆಯಾದರೆ ಬೆರಳಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ಬೇಸಿಗೆಯಲ್ಲಿ ಅದರ ಬಿರುಕಿನೊಳಗೆ ಕೈ ಇಳಿಸಬಹುದು. ಮುದಿ ಕೆಂಪು ಮಣ್ಣು ಒದ್ದೆಯಾದಾಗಲೂ ಸಣ್ಣ ಹರಳುಗಳಾಗಿ ಉದುರುತ್ತದೆ, ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ.

ಇನ್ನೊಂದು ಕೆಲಸ: ಮೊಣಕೈ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೆಯ ಸಲದ ನೀರು ಕೆಲವೇ ನಿಮಿಷಗಳಲ್ಲಿ ಮಾಯವಾದರೆ ನಿಮ್ಮದು ಸೋರುವ ನೆಲ. ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಬೇರು ಕೊಳೆಯುವ ನೆಲ. ಮೂರನೆಯದಾಗಿ ಪಿಎಚ್ ಎಂದು ಕರೆಯುವ ರಸಸಾರವನ್ನು ಪ್ರಯೋಗಾಲಯದಲ್ಲಿ ಅಳೆಸಿ; ಈ ಅಂಕಿ ಇಳಿದಷ್ಟೂ ಮಣ್ಣಿನ ಹುಳಿ ಹೆಚ್ಚು. ಈ ಇಡೀ ಬರಹದಲ್ಲಿ ನಾನು ಕಡ್ಡಾಯವೆನ್ನುವ ಖರ್ಚು ಇದೊಂದೇ. 5.5ಕ್ಕಿಂತ ಕೆಳಗಿದ್ದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಸುಡಲು ಶುರುಮಾಡುತ್ತದೆ. ತಂಪು ಬೆಟ್ಟದ ಊರುಗಳಲ್ಲಿ ಹೈಡ್ರೇಂಜಿಯ ಹೂ ಅಚ್ಚ ನೀಲಿಯಾಗಿ ಅರಳುತ್ತಿದ್ದರೆ ಅದೇ ಅಲ್ಯೂಮಿನಿಯಂ ಕರಗಿ ಹೂವಿಗೇರಿದೆ ಎಂದರ್ಥ. ನೀಲಿ ಹೂ ಕಂಡು ಹಿಗ್ಗಿ, ಬೀನ್ಸ್ ಬಿತ್ತುವ ಮುನ್ನ ಮಾತ್ರ ಒಂದು ಸಲ ಯೋಚಿಸಿ.

ಉಳಿದ ಮಾನದಂಡಗಳು ನಿಮ್ಮವು. ಮಳೆ ಎಷ್ಟು? ಒಂದೇ ಹವಾಯಿ ದ್ವೀಪದ ಗಾಳಿಮುಖದ ಹೀಲೋದಲ್ಲಿ ವರ್ಷಕ್ಕೆ 3,200 ಮಿಲಿಮೀಟರ್ ಸುರಿದರೆ, ಬೆಟ್ಟದ ಮರೆಯ ಕವಾಯಿಹಾಯೆಯಲ್ಲಿ 250ರ ಆಸುಪಾಸು. ಕಲ್ಲು ಒಂದೇ ಬಗೆಯದು, ತೋಟ ಒಂದೇ ಆಗಲಾರದು. ತಿನ್ನಲು ಏನು ಬೇಕು: ಗೆಡ್ಡೆ, ಹಣ್ಣೋ, ಎಲೆಕೋಸು, ಬೀನ್ಸೋ? ಆ ಜಾಗದಲ್ಲಿ ಎಷ್ಟು ವರ್ಷ ಇರುತ್ತೀರಿ? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ಆದರೆ ಹಣಕ್ಕಿಂತ ಹೆಚ್ಚು ತೀರ್ಮಾನ ಮಾಡುವುದು ಇದೇ. ಕೊನೆಯದಾಗಿ, ನಿಮ್ಮ ಸೊಂಟ ಹೇಗಿದೆ?

ನೆಲಕ್ಕೆ ತಕ್ಕ ಗಿಡ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಹುಳಿ ಮಣ್ಣಿಗೆ ಹೆದರದ ಗಿಡಗಳು ಉಷ್ಣವಲಯದಲ್ಲಿ ಬೇಕಾದಷ್ಟಿವೆ. ಅನಾನಸ್ ರಸಸಾರ 4.5ರಿಂದ 5.5ರೊಳಗೇ ಸುಖವಾಗಿರುತ್ತದೆ. ಚಹಾ ಗಿಡ ಅಲ್ಯೂಮಿನಿಯಂ ಅನ್ನು ಎಲೆಗಳಲ್ಲಿ ತುಂಬಿಕೊಂಡೂ ಚಿಗುರುತ್ತದೆ. ಮರಗೆಣಸು ಬೇರಿಗಂಟಿದ ಶಿಲೀಂಧ್ರಗಳ ನೆರವಿನಿಂದ ಮಣ್ಣು ಬಚ್ಚಿಟ್ಟ ರಂಜಕವನ್ನು ಹೆಕ್ಕಿ ತೆಗೆಯುತ್ತದೆ. ಸಿಹಿಗೆಣಸು, ಕೆಸು, ಬಾಳೆ, ಕಾಫಿ, ಜೀಗುಜ್ಜೆ ಎಲ್ಲವೂ ಸ್ವಲ್ಪ ಗೊಬ್ಬರ, ದಪ್ಪ ಹೊದಿಕೆ ಸಿಕ್ಕರೆ ದೂರುವುದಿಲ್ಲ. ಪಪ್ಪಾಯಿಗೆ ಬೇರಿನ ಬುಡದಲ್ಲಿ ನೀರು ನಿಲ್ಲಬಾರದು, ಅದೊಂದೇ ಹಟ. ಸೋರುವ ಲಾವಾ ನೆಲ ಅದಕ್ಕೆ ಹೇಳಿಮಾಡಿಸಿದ್ದು.

ಈ ದಾರಿಯಲ್ಲಿ ಕಳೆದುಕೊಳ್ಳುವುದು ಅಡುಗೆಮನೆಯಲ್ಲಿ. ದಿನವೂ ಗೆಡ್ಡೆ ಬೇಯಿಸಲಾಗದು. ಸೊಪ್ಪು, ಟೊಮೆಟೊ, ಬೀನ್ಸ್, ಈರುಳ್ಳಿ ಬೇಕೆನ್ನುವವರಿಗೆ ಇದು ಅರ್ಧ ಉತ್ತರ ಮಾತ್ರ. ಆದರೂ ದೊಡ್ಡ ಜಾಗವಿದ್ದವರು ಮುಕ್ಕಾಲು ಭಾಗವನ್ನು ಹೀಗೇ ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹತ್ತು ಗುಂಟೆ ನೆಲವನ್ನೆಲ್ಲ ಟೊಮೆಟೊಗೆ ತಕ್ಕಂತೆ ತಿದ್ದಲು ಹೊರಟವರು ಎರಡನೆಯ ವರ್ಷ ಗುದ್ದಲಿ ಮೂಲೆಗಿಡುತ್ತಾರೆ.

ನೆಲವನ್ನು ತಿದ್ದುವುದು

ಬೂದಿಮಣ್ಣು, ಕೆಂಪು ಮಣ್ಣು ಇರುವವರಿಗೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಹಣ ಮಧ್ಯಮ, ಕಾಲ ಧಾರಾಳವಾಗಿ ಬೇಕು. ಐದು ವರ್ಷ ಅದೇ ಜಾಗದಲ್ಲಿ ಇರುವವರಿಗೆ ಇದರಷ್ಟು ಲಾಭದ ದಾರಿ ಬೇರಿಲ್ಲ, ಎರಡು ವರ್ಷಕ್ಕೆ ಹೊರಡುವವರಿಗೆ ಇದರಷ್ಟು ನಷ್ಟದ್ದೂ ಇಲ್ಲ.

ಸುಣ್ಣದಿಂದ ಶುರುಮಾಡೋಣ. ರಸಸಾರ 5.5ಕ್ಕಿಂತ ಕಡಿಮೆಯಿದ್ದರೆ ಚದರ ಮೀಟರಿಗೆ 200ರಿಂದ 400 ಗ್ರಾಂ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಒಂದು ಸಲಕ್ಕೆ ಸಾಕು. ಮೇಲಿನ ಗೇಣುದ್ದದ ಮಣ್ಣಿಗೆ ಬೆರೆಸಿ ಎರಡು ಮೂರು ತಿಂಗಳು ಬಿಡಬೇಕು. ಬೂದಿಮಣ್ಣು ಸುಲಭಕ್ಕೆ ಜಗ್ಗುವುದಿಲ್ಲ. ಎಷ್ಟು ಹಾಕಿದರೂ ರಸಸಾರ ಇರುವಲ್ಲೇ ಇದೆಯೆನ್ನಿಸುತ್ತದೆ. ನಾನು ಒಮ್ಮೆ ತಾಳ್ಮೆಗೆಟ್ಟು ಅರ್ಧ ಮೂಟೆಯನ್ನು ಒಂದೇ ದಿನ ಒಂದು ಮಡಿಗೆ ಸುರಿದೆ. ಮುಂದಿನ ಬೆಳೆಯಲ್ಲಿ ಬೀನ್ಸಿನ ಹೊಸ ಎಲೆಗಳು ಬೆರಳ ಉಗುರಿನಷ್ಟಾಗಿ, ನರಗಳ ನಡುವೆ ಬಿಳಿಚಿಕೊಂಡು ನಿಂತವು. ಸುಣ್ಣ ಹೆಚ್ಚಾಗಿ ಸತು ಸಿಗದಂತಾಗಿತ್ತು. ಅದನ್ನು ಸರಿಪಡಿಸಲು ಎರಡು ಹಂಗಾಮು ಹಿಡಿಯಿತು. ಆಗಿನಿಂದ ವರ್ಷಕ್ಕೊಮ್ಮೆ ಸ್ವಲ್ಪವೇ ಹಾಕಿ, ಅಳೆಸಿ, ಬೇಕಿದ್ದರೆ ಮತ್ತೆ ಹಾಕುತ್ತೇನೆ. ಒಲೆಯ ಬೂದಿಯೂ ಸುಣ್ಣದ ಕೆಲಸ ಮಾಡುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ, ಆದರೆ ಶಕ್ತಿ ಸುಣ್ಣದ ಅರ್ಧಕ್ಕಿಂತ ಕಡಿಮೆ. ಹಸಿ ಸಗಣಿಯ ಜೊತೆ ಸುಣ್ಣ ಬೆರೆಸಬೇಡಿ. ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದು ನಿಮ್ಮ ಸಾರಜನಕ ಗಾಳಿಗೆ ಹಾರಿಹೋಗುತ್ತಿರುವ ವಾಸನೆ.

ರಂಜಕದ ವಿಷಯದಲ್ಲಿ ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಎಲ್ಲಿ ಹಾಕಿದಿರಿ ಎನ್ನುವುದು ಮುಖ್ಯ. ನೆಲದ ತುಂಬ ಎರಚಿದರೆ ಮಣ್ಣಿನ ಕಣಕಣವೂ ತನ್ನ ಪಾಲು ಕಿತ್ತುಕೊಳ್ಳುತ್ತದೆ, ಗಿಡಕ್ಕೆ ಉಳಿಯುವುದು ಸೊನ್ನೆ. ಬೀಜದ ಸಾಲಿನಿಂದ ಎರಡು ಬೆರಳು ಪಕ್ಕಕ್ಕೆ, ಎರಡು ಬೆರಳು ಕೆಳಕ್ಕೆ ಒಂದು ಗೆರೆಯಾಗಿ ಹಾಕಿದರೆ ಬೇರು ಮಣ್ಣಿಗಿಂತ ಮೊದಲು ಮುಟ್ಟುತ್ತದೆ. ಸೂಪರ್ ಫಾಸ್ಫೇಟನ್ನು ಹಳೆಯ ಕಾಂಪೋಸ್ಟಿನ ಜೊತೆ ಕಲಸಿ ಹಾಕಿದರೆ ಇನ್ನೂ ಒಳ್ಳೆಯದು. ಕೊಳೆತ ಗೊಬ್ಬರದ ಆಮ್ಲಗಳು ರಂಜಕ ಕೂರುವ ಜಾಗಗಳಲ್ಲಿ ತಾವು ಮೊದಲೇ ಕುಳಿತುಬಿಡುತ್ತವೆ. ಮೂಳೆಪುಡಿ, ಶಿಲಾರಂಜಕಗಳು ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತವೆ. ಹಣ್ಣಿನ ಗಿಡದ ಗುಂಡಿಗೆ ಅವೇ ಸರಿ, ನಲವತ್ತು ದಿನದ ಸೊಪ್ಪಿಗಲ್ಲ. ಒಂದು ಎಚ್ಚರ: ಸುಣ್ಣ ಹಾಕಿ ಹುಳಿ ಕಳೆದ ಮಡಿಯಲ್ಲಿ ಶಿಲಾರಂಜಕ ಕಲ್ಲಾಗಿಯೇ ಉಳಿಯುತ್ತದೆ.

ಇನ್ನು ಹಸಿರೆಲೆ. ಮಳೆ ಜೋರಿರುವ ಕಡೆ ಸಾರಜನಕ, ಪೊಟ್ಯಾಷ್‌ಗಳು ಒಂದು ವಾರದ ಮಳೆಗೆ ಬೇರಿನಿಂದ ಕೆಳಗಿಳಿದುಬಿಡುತ್ತವೆ. ಒಂದೇ ಸಲ ಹಾಕುವ ಬದಲು ನಾಲ್ಕು ಕಂತು ಮಾಡಬೇಕು, ಇಲ್ಲವೇ ಗಿಡದಿಂದಲೇ ಕೊಡಿಸಬೇಕು. ಬೇಲಿಗೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ನೆಟ್ಟು ಎರಡು ಮೂರು ತಿಂಗಳಿಗೊಮ್ಮೆ ಸವರಿ ಸೊಪ್ಪನ್ನು ಮಡಿಗೆ ಹೊದಿಸಿದರೆ ಮೂರನೆಯ ವರ್ಷಕ್ಕೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಖಾಲಿ ಬಿದ್ದ ಮಡಿಗೆ ಅಪ್ಸೆಣಬು ಎರಚಿ ಹೂ ಬರುವ ಮುನ್ನ ಕತ್ತರಿಸಿ. ಬೇರುಗಂಟು ಮಾಡುವ ಜಂತುಹುಳುಗಳನ್ನೂ ಅದು ತಗ್ಗಿಸುತ್ತದೆ, ಸಡಿಲ ಮಣ್ಣಿನಲ್ಲಿ ಅವುಗಳ ಕಾಟ ವಿಪರೀತ.

ಎರೆಮಣ್ಣಿನವರು ಇದನ್ನೆಲ್ಲ ಓದಿ ಸುಣ್ಣ ತರಲು ಹೊರಡಬೇಡಿ. ನಿಮ್ಮ ನೆಲದಲ್ಲಿ ಅದು ಈಗಾಗಲೇ ಹೆಚ್ಚು, ರಸಸಾರ ಸಾಮಾನ್ಯವಾಗಿ 7.5ರ ಮೇಲೆಯೇ ಇರುತ್ತದೆ. ಅಲ್ಲಿ ಕಾಡುವುದು ಕಬ್ಬಿಣ, ಸತುಗಳ ಕೊರತೆ ಮತ್ತು ನಿಲ್ಲುವ ನೀರು. ಅಲ್ಲಿ ಎಲ್ಲಕ್ಕಿಂತ ದೊಡ್ಡ ವಿದ್ಯೆ ಹದ. ಒದ್ದೆಯಿರುವಾಗ ಕಾಲಿಟ್ಟರೆ ಚಪ್ಪಲಿಗೊಂದು ಕಿಲೋ ಮಣ್ಣು, ಒಣಗಿದ ಮೇಲೆ ಅಗೆದರೆ ಇಟ್ಟಿಗೆಯಂಥ ಹೆಂಟೆ. ನಡುವಿನ ಮೂರು ನಾಲ್ಕು ದಿನಗಳಲ್ಲಿ ಕೆಲಸ ಮುಗಿಸಬೇಕು. ಮಳೆಗಾಲಕ್ಕೆ ಇದೇ ಮಣ್ಣನ್ನು ಗೇಣುದ್ದ ಏರಿಯಾಗಿ ಎಳೆದು, ಪಕ್ಕದಲ್ಲಿ ಕಾಲುವೆ ಬಿಟ್ಟರೆ ಅರ್ಧ ತೊಂದರೆ ಕಳೆಯಿತು.

ಏರುಮಡಿ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಹಲಗೆ ಹೊಡೆದು, ಒಳ್ಳೆಯ ಮಣ್ಣು ತುಂಬಿ, ಬಿತ್ತಿದರೆ ಆಯಿತಲ್ಲ? ಆಯಿತು, ಮೊದಲ ವರ್ಷ. ಕೋಸು, ಕ್ಯಾರೆಟ್ಟು, ಲೆಟ್ಯೂಸು ಬೇಗ ಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಪಾಹೊಯ್ಹೊಯ್ ಮೇಲೆ ಮನೆ ಕಟ್ಟಿದವರಿಗೆ ತರಕಾರಿಗೆ ಬೇರೆ ದಾರಿಯೂ ಇಲ್ಲ.

ಲೆಕ್ಕ ಹಾಕಿ ನೋಡಿ. 1.2 ಮೀಟರ್ ಅಗಲ, 2.4 ಮೀಟರ್ ಉದ್ದ, 30 ಸೆಂಟಿಮೀಟರ್ ಎತ್ತರದ ಒಂದು ಮಡಿಗೆ 864 ಲೀಟರ್ ಮಣ್ಣು ಬೇಕು. 40 ಲೀಟರಿನ ಚೀಲವಾದರೆ ಇಪ್ಪತ್ತೆರಡು. ಹದಿನೈದು ಲೀಟರಿನ ಬುಟ್ಟಿಯಲ್ಲಿ ಹೊತ್ತರೆ ಐವತ್ತೆಂಟು ಸುತ್ತು. ನಾಲ್ಕು ಜನರ ಮನೆಗೆ ಸೊಪ್ಪು ತರಕಾರಿಗೆ ಇಂಥ ನಾಲ್ಕು ಮಡಿಯಾದರೂ ಬೇಕು. ಇಷ್ಟಾಗಿಯೂ ಕೆಲಸ ಮುಗಿಯುವುದಿಲ್ಲ. ಉಷ್ಣವಲಯದ ಬಿಸಿ ತೇವದಲ್ಲಿ ಕಾಂಪೋಸ್ಟ್ ಕರಗುವ ವೇಗ ಬೆರಗುಗೊಳಿಸುತ್ತದೆ. ಅರ್ಧಕ್ಕರ್ಧ ಕಾಂಪೋಸ್ಟ್ ತುಂಬಿದ ನನ್ನ ಮಡಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕು ಬೆರಳು ಕುಸಿದಿತ್ತು. ಪ್ರತಿ ವರ್ಷ ತುಂಬುತ್ತಲೇ ಇರಬೇಕು ಎಂಬ ಮಾತನ್ನು ಮಡಿ ಮಾರುವವರು ಹೇಳುವುದಿಲ್ಲ.

ಸಿಂಡರ್ ಎಂಬ ಕೆಂಪು, ಕಪ್ಪು ರಂಧ್ರಗಲ್ಲನ್ನು ಅಗ್ಗವೆಂದು ತುಂಬುವವರಿದ್ದಾರೆ. ಅಡಿಯಲ್ಲಿ, ದಾರಿಯಲ್ಲಿ ಅದು ಸರಿ. ಮಡಿಯ ಅರ್ಧಭಾಗ ಅದನ್ನೇ ತುಂಬಿದರೆ ನೀರು, ಗೊಬ್ಬರ ಎರಡೂ ಜರಡಿಯಲ್ಲಿ ಸುರಿದಂತೆ. ಐದರಲ್ಲಿ ಒಂದು ಪಾಲು ದಾಟಬೇಡಿ. ಬೂದಿಮಣ್ಣನ್ನು ತಂದು ತುಂಬುವುದು ಚೆನ್ನಾಗಿಯೇ ನಡೆಯುತ್ತದೆ, ಆದರೆ ಒಂದು ಕಾಲಕ್ಕೂ ಬರಿದಾಗಿ ಬಿಸಿಲಿಗೆ ಬಿಡಬಾರದು. ಈ ಮಣ್ಣು ಒಮ್ಮೆ ಪೂರ್ತಿ ಒಣಗಿದರೆ ಮೊದಲಿನಷ್ಟು ನೀರು ಮತ್ತೆಂದೂ ಹಿಡಿಯುವುದಿಲ್ಲ. ನಾನು ಮೂರು ವಾರ ಊರಲ್ಲಿರಲಿಲ್ಲ, ಹೊದಿಕೆ ಹಾಕಲು ಮರೆತಿದ್ದೆ. ಬಂದು ನೀರು ಹಾಕಿದರೆ ಮೆಣಸಿನ ಪುಡಿಯ ಮೇಲೆ ಬಿದ್ದ ಹನಿಗಳಂತೆ ಮುತ್ತು ಮುತ್ತಾಗಿ ಉರುಳಿ ಹಲಗೆಯ ಸಂದಿನಿಂದ ಹೊರಹೋಯಿತು. ಮೇಲಿನ ಎರಡು ಇಂಚು ಮಣ್ಣನ್ನು ತೆಗೆದು ದಾರಿಗೆ ಹಾಕಬೇಕಾಯಿತು.

ಮಳೆ ಕಡಿಮೆ ಇರುವ ಕಡೆ ಏರುಮಡಿಯೇ ತಪ್ಪು ಎನ್ನಬಲ್ಲೆ. ಎತ್ತರಿಸಿದಷ್ಟೂ ಬೇಗ ಒಣಗುತ್ತದೆ. ಅಲ್ಲಿ ತಗ್ಗುಮಡಿ ಮಾಡಿ, ಅಂದರೆ ನೆಲದ ಮಟ್ಟಕ್ಕಿಂತ ಒಂದು ಚೋಟು ಕೆಳಗೆ. ಬಿದ್ದ ಹನಿ ಅಲ್ಲೇ ನಿಲ್ಲುತ್ತದೆ.

ಕುಂಡ, ಚೀಲ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿಗೆ ಮನೆ, ಚಿಕ್ಕ ಅಂಗಳ, ಬಗ್ಗಲಾಗದ ಸೊಂಟ ಇದ್ದರೆ ಕುಂಡವೇ ಸರಿ. ಟೊಮೆಟೊ, ಬದನೆಗೆ 20 ಲೀಟರಿಗಿಂತ ಚಿಕ್ಕದು ಬೇಡ, ಕೊತ್ತಂಬರಿ, ಪುದೀನಕ್ಕೆ ಐದು ಲೀಟರ್ ಸಾಕು. ಜ್ವಾಲಾಮುಖಿಯ ನಾಡಿನಲ್ಲಿ ಪ್ಯೂಮಿಸ್ ಹೇರಳ. ನೀರಿನ ಮೇಲೆ ತೇಲುವ ಆ ಹಗುರ ಕಲ್ಲನ್ನು ಕಾಲು ಪಾಲು ಬೆರೆಸಿದರೆ ಕುಂಡ ಎತ್ತಲು ಹಗುರ, ಬೇರಿಗೆ ಗಾಳಿ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಮಧ್ಯಾಹ್ನದ ಬಿಸಿಲಿನ ಕಪ್ಪು ಲಾವಾದ ಮೇಲೆ ಇಟ್ಟರೆ ಬೇರು ಬೇಯುತ್ತದೆ. ಅಡಿಗೆ ಹಲಗೆ ಇಡಿ, ಪಡುವಣ ಬಿಸಿಲು ತಪ್ಪಿಸಿ. ದಿನಕ್ಕೊಮ್ಮೆ, ಬಿಸಿಲಿದ್ದರೆ ಎರಡು ಸಲ ನೀರು ಹಾಕುವವರು ಮನೆಯಲ್ಲಿ ಇರಲೇಬೇಕು.

ಹತ್ತಿರದಲ್ಲಿ ಇನ್ನೂ ಹೊಗೆಯಾಡುವ ಬಾಯಿ ಇರುವವರಿಗೆ ಕುಂಡದ ಮತ್ತೊಂದು ಅನುಕೂಲ ಹೇಳಬೇಕು. ಗಂಧಕದ ಹೊಗೆ ಬೀಸಿದ ದಿನ ಎಳೆಯ ಎಲೆಗಳು ಸುಟ್ಟಂತಾಗುತ್ತವೆ. ಕುಂಡವನ್ನು ಒಳಗೆ ಎತ್ತಿಡಬಹುದು, ಮಡಿಯನ್ನು ಎತ್ತಲಾಗದು. ಬೂದಿ ಬಿದ್ದರೆ ಎಲೆಗಳನ್ನು ಕೂಡಲೇ ತೊಳೆಯಬೇಕು, ಹೊಸ ಬೂದಿಯ ಕಣಗಳ ಮೇಲೆ ಆಮ್ಲ ಅಂಟಿರುತ್ತದೆ.

ಬಂಡೆಯಲ್ಲಿ ಗುಂಡಿ

ಬರೀ ಲಾವಾ ಇರುವವರು ನಿರಾಶರಾಗಬೇಕಿಲ್ಲ. ಹವಾಯಿಯ ಓಹಿಯಾ ಮರ ಹೊಸ ಲಾವಾದ ಬಿರುಕಿನಲ್ಲೇ ಬೇರೂರುತ್ತದೆ. ಅದೇ ದ್ವೀಪದ ಹೆಸರಾಂತ ಕೋನಾ ಕಾಫಿಯೂ ಬಹುಪಾಲು ಕಲ್ಲುಗಡ್ಡೆಗಳ ನಡುವೆಯೇ ಬೆಳೆದದ್ದು. ಆಆ ಆದರೆ ಹಾರೆಯಿಂದ ಗಡ್ಡೆ ಎಬ್ಬಿಸಿ ಅರ್ಧ ಮೀಟರ್ ಅಗಲದ ಗುಂಡಿ ಮಾಡಿ. ಕಿತ್ತ ಕಲ್ಲನ್ನು ಗಾಳಿ ಬರುವ ಕಡೆಗೆ ಅರ್ಧಚಂದ್ರವಾಗಿ ಜೋಡಿಸಿ. ಒಳಗೆ ಸಿಂಡರ್, ಕಾಂಪೋಸ್ಟ್, ಸಿಕ್ಕಷ್ಟು ಮಣ್ಣು ಬೆರೆಸಿ ತುಂಬಿ, ಮೇಲೆ ಮೊಣಕಾಲೆತ್ತರ ಸೊಪ್ಪು ಹೇರಿ. ಆ ಸೊಪ್ಪು ಕೊಳೆತು ಸಂದುಗಳಿಗೆ ಇಳಿದು ಮುಂದಿನ ಬೇರಿಗೆ ದಾರಿ ಮಾಡುತ್ತದೆ. ದಪ್ಪ ಕೈಗವಸು, ಗಟ್ಟಿ ಅಟ್ಟೆಯ ಬೂಟು ಬೇಕೇ ಬೇಕು. ಗಾಜಿನ ಚೂರಿನಂಥ ಅಂಚುಗಳು ರಬ್ಬರ್ ಚಪ್ಪಲಿಯನ್ನು ಒಂದೇ ದಿನದಲ್ಲಿ ಸೀಳುತ್ತವೆ. ಪಾಹೊಯ್ಹೊಯ್ ಆದರೆ ಯಂತ್ರದಿಂದ ಸೀಳಿಸದೆ ಗತಿಯಿಲ್ಲ. ಮೇಲ್ಪದರದ ಕೆಳಗೆ ಪೊಳ್ಳು ಸುರಂಗವಿರಬಹುದು, ಯಂತ್ರ ಇಳಿಸುವ ಮುನ್ನ ಆ ಜಾಗ ಬಲ್ಲವರಿಗೆ ತೋರಿಸಿ.

ಹಣ್ಣಿನ ಮರಕ್ಕೆ ಗುಂಡಿ, ತರಕಾರಿಗೆ ಏರುಮಡಿ. ಲಾವಾ ನೆಲದಲ್ಲಿ ಒಂದೇ ದಾರಿ ಹಿಡಿದವರಿಗಿಂತ ಹೀಗೆ ಹಂಚಿಕೊಂಡವರೇ ಹೆಚ್ಚು ಬೆಳೆದದ್ದನ್ನು ನೋಡಿದ್ದೇನೆ.

ಯಾರಿಗೆ ಯಾವುದು

ಎರಡೇ ವರ್ಷ ಇರುವ ಬಾಡಿಗೆದಾರರೇ? ಸುಣ್ಣಕ್ಕೆ ಕೈ ಹಾಕಬೇಡಿ, ಅದರ ಫಲ ಉಣ್ಣುವವರು ನಿಮ್ಮ ನಂತರ ಬರುವವರು. ಏಳೆಂಟು ಕುಂಡ ಇಟ್ಟುಕೊಳ್ಳಿ, ಅಂಗಳದ ಮೂಲೆಯಲ್ಲಿ ಸಿಹಿಗೆಣಸಿನ ಬಳ್ಳಿ ಚುಚ್ಚಿ. ಬಳ್ಳಿಯ ಕುಡಿ ಸೊಪ್ಪಾಗಿಯೂ ಆಗುತ್ತದೆ.

ಸ್ವಂತ ಜಾಗ, ಬೂದಿಮಣ್ಣು, ಕೈಯಲ್ಲಿ ಹಣ ಕಡಿಮೆ ಇರುವವರು ನೆಲ ತಿದ್ದುವ ದಾರಿಯನ್ನೇ ಹಿಡಿಯಿರಿ, ಆದರೆ ವರ್ಷಕ್ಕೆ ಎರಡು ಮಡಿಯಂತೆ. ಉಳಿದ ಜಾಗದಲ್ಲಿ ಮರಗೆಣಸು, ಬಾಳೆ ಇರಲಿ, ಬೇಲಿಯುದ್ದಕ್ಕೂ ಗೊಬ್ಬರದ ಗಿಡ ಮೊದಲ ತಿಂಗಳೇ ನೆಟ್ಟುಬಿಡಿ. ಹಣವಿದ್ದು ಕಾಲವಿಲ್ಲದವರು ಎರಡು ಏರುಮಡಿ ಕಟ್ಟಿ ಈ ವರ್ಷದ ಸೊಪ್ಪು ತಿನ್ನಿ. ಅಷ್ಟರಲ್ಲಿ ಪಕ್ಕದ ನೆಲಕ್ಕೆ ಸುಣ್ಣ ಹಾಕಿ ಮಲಗಿಸಿ. ಮೂರನೆಯ ವರ್ಷ ಹಲಗೆ ಕಿತ್ತು ಮಡಿಯ ಮಣ್ಣನ್ನು ಆ ನೆಲಕ್ಕೇ ಹರಡಿದರೆ ತಂದ ಮಣ್ಣು ವ್ಯರ್ಥವಾಗುವುದಿಲ್ಲ.

ಮುದಿ ಕೆಂಪು ಮಣ್ಣಿನವರು ಸುಣ್ಣಕ್ಕಿಂತ ಮೊದಲು ಮಣ್ಣಿನ ಪರೀಕ್ಷೆಯಲ್ಲಿ ಮ್ಯಾಂಗನೀಸನ್ನೂ ಕೇಳಿ ನೋಡಿ. ಕೆಲವು ಕೆಂಪು ನೆಲಗಳಲ್ಲಿ ಅದು ವಿಷವಾಗುವಷ್ಟು ಇರುತ್ತದೆ, ನೀರು ನಿಂತಾಗ ಇನ್ನೂ ಏರುತ್ತದೆ. ಅಂಥ ಕಡೆ ಬೀನ್ಸ್ ಎಲೆಯ ಮೇಲೆ ಕಂದು ಚುಕ್ಕೆ ಕಂಡರೆ ರೋಗವೆಂದು ಔಷಧಿ ಹೊಡೆಯುವ ಮುನ್ನ ಮಡಿಯ ನೀರು ಬಸಿಯುವ ಕಾಲುವೆಯನ್ನು ನೋಡಿ.

ಇನ್ನೂ ತೀರ್ಮಾನ ಆಗದಿದ್ದರೆ ಹಣ ಖರ್ಚಿಲ್ಲದ ಒಂದು ಕೆಲಸವಿದೆ. ನಿಮ್ಮ ನೆಲದ ಮಣ್ಣನ್ನು ಎರಡು ಡಬ್ಬಿಗಳಲ್ಲಿ ತುಂಬಿ, ಒಂದಕ್ಕೆ ಮಾತ್ರ ಒಂದು ಹಿಡಿ ಹಳೆಯ ಕಾಂಪೋಸ್ಟ್ ಮತ್ತು ಒಂದು ಚಿಟಿಕೆ ಸೂಪರ್ ಫಾಸ್ಫೇಟ್ ಕಲಸಿ. ಎರಡರಲ್ಲೂ ನಾಲ್ಕು ನಾಲ್ಕು ಟೊಮೆಟೊ ಬೀಜ ಹಾಕಿ ಐದು ವಾರ ಬಿಡಿ. ಎರಡೂ ಒಂದೇ ಎತ್ತರ ಬೆಳೆದಿದ್ದರೆ ಆ ಗೊಬ್ಬರದ ಹಣ ನಿಮ್ಮ ಜೇಬಿನಲ್ಲೇ ಉಳಿಯಲಿ. ಗೊಬ್ಬರವಿಲ್ಲದ ಡಬ್ಬಿಯ ಸಸಿ ಮಾತ್ರ ಕುಳ್ಳಾಗಿ, ಎಲೆ ಮಗುಚಿದಾಗ ನೇರಳೆಯಾಗಿ ಕಂಡರೆ ನೆಲ ತಿದ್ದುವ ಕೆಲಸವನ್ನು ಈ ಮಳೆಗಾಲಕ್ಕೆ ಮುಂಚೆಯೇ ಶುರುಮಾಡಬೇಕು.